ಎರಡು ಸಲ ತಿರುಗಿಸಿದ ಗಾಜು

ಒಟೀಲಿಯೆ ಲೀಟ್ಸ್ ಇಪ್ಪತ್ತೈದು ವರ್ಷ ನಕ್ಷತ್ರಗಳನ್ನು ಅಳೆದಳು. ಅದಕ್ಕಾಗಿ ಒಂದು ರಾತ್ರಿಯೂ ನಿದ್ದೆಗೆಟ್ಟವಳಲ್ಲ. ಬೆಳಗ್ಗೆ ಎಂಟಕ್ಕೆ ಗುಡ್ಡ ಹತ್ತಿ, ವೀಕ್ಷಣಾಲಯದ ಉತ್ತರದ ಕಿಟಕಿಯ ಪಕ್ಕ ತನ್ನ ಕುರ್ಚಿಯಲ್ಲಿ ಕೂತು, ಸಂಜೆ ಐದಕ್ಕೆ ಇಳಿದು ಮನೆಗೆ ಬರುತ್ತಿದ್ದಳು. ಆಕಾಶ ನೋಡುವುದು ದೊಡ್ಡವರ ಕೆಲಸ. ಅವರು ದುರ್ಬೀನಿಗೆ ಗಾಜಿನ ಫಲಕ ಸಿಕ್ಕಿಸಿ, ಆಕಾಶದ ಚಿತ್ರ ತೆಗೆದು, ಮಲಗಲು ಹೋಗುತ್ತಿದ್ದರು. ಆ ಗಾಜಿನ ಮೇಲೆ ಬಿದ್ದ ಕಪ್ಪು ಚುಕ್ಕೆಗಳಲ್ಲಿ ಯಾವುದು ಸರಿಯಾಗಿ ಎಲ್ಲಿದೆ ಎಂದು ತಲೆಗೂದಲ ದಪ್ಪದ ಐವತ್ತರಲ್ಲೊಂದು ಪಾಲಿನ ತನಕ ಅಳೆದು ಹೇಳುವವಳು ಒಟೀಲಿಯೆ. ಬರ್ಲಿನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ಊರು ಅದು. ಊರಿನ ಹೆಸರು ಹೇಳಿ ಏನೂ ಆಗಬೇಕಾದ್ದಿಲ್ಲ.

ಅವಳಪ್ಪ ಪೇಟೆಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದ. ಅವನ ಮಗಳ ಕಣ್ಣು ಚುರುಕು, ಕೈ ನಡುಗುವುದಿಲ್ಲ ಎಂದು ಯಾರೋ ಗುಡ್ಡದ ಮೇಲಿನವರ ಕಿವಿಗೆ ಹಾಕಿದರು. ೧೯೦೯ರಲ್ಲಿ ಆರು ವಾರದ ಮಟ್ಟಿಗೆ ಎಂದು ಕರೆಸಿಕೊಂಡರು. ಆರು ವಾರ ಮುಗಿದಾಗ ಅವಳಿಗೆ ಹೋಗು ಎನ್ನಲು ಯಾರಿಗೂ ನೆನಪಾಗಲಿಲ್ಲ, ಅವಳೂ ನೆನಪಿಸಲಿಲ್ಲ. ಮದುವೆಯ ಮಾತು ಎರಡು ಸಲ ಬಂತು. ಮೊದಲನೆಯವನು ಅವಳಿಗೆ ಬೇಡವಾಗಿದ್ದ. ಎರಡನೆಯವನು ಬೇಕಾಗಿದ್ದ, ಅವನು ಯುದ್ಧಕ್ಕೆ ಹೋಗಿ ಫ್ರಾನ್ಸಿನ ಕೆಸರಿನಲ್ಲಿ ಸತ್ತ. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ, ಬೇರೆಯವರಿಗೆ ಎತ್ತಲು ಬಿಡಲೂ ಇಲ್ಲ.

ಯುದ್ಧ ಶುರುವಾದ ಮರುವರ್ಷ ಅವಳ ಪಕ್ಕಕ್ಕೆ ಕೇಟೆ ರೋವೆಡರ್ ಬಂದಳು. ದಪ್ಪ ಕೈ, ದೊಡ್ಡ ಬಾಯಿ, ಮುತ್ತಿನಂಥ ಅಕ್ಷರ. ಅವಳ ಗಂಡ ಯುದ್ಧದಲ್ಲಿ ವಿಷಗಾಳಿ ಕುಡಿದು ಬಂದವನು, ಎದ್ದರೆ ಕೆಮ್ಮು, ಮಲಗಿದರೆ ಕೆಮ್ಮು. ಮನೆ ನಡೆಯುತ್ತಿದ್ದುದು ಕೇಟೆಯ ಕೈಯಿಂದ. ಒಟೀಲಿಯೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಅದರೊಳಗೆ ಗುರುತಿಗೆಂದು ಬಿಗಿದ ಜೇಡರಹುಳದ ನೂಲು ಚುಕ್ಕೆಯನ್ನು ಸರಿಯಾಗಿ ನಡುಮಧ್ಯ ಸೀಳುವ ತನಕ ತಿರುಪು ತಿರುಗಿಸಿ ಸಂಖ್ಯೆ ಕೂಗುವುದು, ಕೇಟೆ ಅದನ್ನು ಬರೆದುಕೊಳ್ಳುವುದು. ಹಾಗೆ ದಿನಕ್ಕೆ ಮುನ್ನೂರು ಸಲ.

ಈ ಕೆಲಸಕ್ಕೆ ಎರಡು ಕಟ್ಟಳೆ ಇದ್ದವು. ಮನುಷ್ಯನ ಕಣ್ಣು ಯಾವುದನ್ನೂ ಸರಿಯಾಗಿ ನಡುವೆ ಸೀಳುವುದಿಲ್ಲ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ವಾಲು. ಒಟೀಲಿಯೆಯ ಕಣ್ಣು ಗಟ್ಟಿ ಚುಕ್ಕೆಗಳ ಮೇಲೆ ನೇರವಾಗಿ ನಿಲ್ಲುತ್ತಿತ್ತು. ಮಸುಕು ಚುಕ್ಕೆ ಬಂದಾಗ ಮಾತ್ರ ಒಂದು ಎಳ್ಳಿನಷ್ಟು ಬಲಕ್ಕೆ ವಾಲುತ್ತಿತ್ತು. ಇದು ಅವಳಿಗೂ ಗೊತ್ತು, ಎಲ್ಲರಿಗೂ ಗೊತ್ತು. ಅದಕ್ಕೇ ಒಮ್ಮೆ ಅಳೆದ ಗಾಜನ್ನು ತಲೆಕೆಳಗಾಗಿ ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ಮೊದಲು ಬಲಕ್ಕೆ ಹೋದ ತಪ್ಪು ಈಗ ಚುಕ್ಕೆಯ ಇನ್ನೊಂದು ಪಕ್ಕಕ್ಕೆ ಬೀಳುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ತಪ್ಪು ತಪ್ಪನ್ನೇ ತಿಂದುಹಾಕುತ್ತದೆ. ಇದು ಮೊದಲನೆಯ ಕಟ್ಟಳೆ. ಎಷ್ಟು ಬರಬೇಕು ಎಂಬುದು ಅಳೆಯುವವರಿಗೆ ಗೊತ್ತಿರಕೂಡದು ಎಂಬುದು ಎರಡನೆಯದು. ಗೊತ್ತಿದ್ದರೆ ಕಣ್ಣು ಅದನ್ನೇ ಕಾಣುತ್ತದೆ, ಅಳೆಯುವವರು ಎಷ್ಟೇ ಪ್ರಾಮಾಣಿಕರಾಗಿರಲಿ.

ಯುದ್ಧ ಸೋತ ಮರುವರ್ಷ ಊರಿಗೆಲ್ಲ ಐನ್‌ಸ್ಟೈನ್ ಹುಚ್ಚು ಹಿಡಿಯಿತು. ತಿನ್ನಲು ಕೋಸುಗೆಡ್ಡೆ ಬಿಟ್ಟರೆ ಗತಿಯಿಲ್ಲದ ಕಾಲ. ಜನ ಮಾತ್ರ ಟ್ರಾಮಿನಲ್ಲಿ ನಿಂತು ಕಾಲ ಹಿಗ್ಗುತ್ತದೆಯೇ, ಆಕಾಶ ಬಾಗುತ್ತದೆಯೇ ಎಂದು ಜಗಳವಾಡುತ್ತಿದ್ದರು. ಹಾಲಿನವನು ಒಟೀಲಿಯೆಯನ್ನು ಬಾಗಿಲಲ್ಲೇ ತಡೆದ. ಮದುವೆಯಾಗದ ಅವಳು ಊರಿಗೆಲ್ಲ ಫ್ರಾಯ್ಲೈನ್.

"ಏನ್ ಫ್ರಾಯ್ಲೈನ್, ಎಲ್ಲಾ ಸಾಪೇಕ್ಷ ಅಂತಲ್ಲ ಈಗ. ಹಂಗಾದ್ರೆ ತಡವಾಗಿ ಬಂದೆ ಅಂತ ನನ್ನ ಬೈಬೇಡಿ. ನಿಮ್ಮ ಗಡಿಯಾರಕ್ಕೆ ತಡ, ನನ್ನ ಕುದುರೆ ಲೆಕ್ಕಕ್ಕೆ ಸರಿಯಾಗೇ ಇದೆ."

"ನಿನ್ನ ಹಾಲಲ್ಲಿರೋ ನೀರೂ ಸಾಪೇಕ್ಷನೋ, ಇಲ್ಲಾ ನೀನೇ ಬೆರೆಸ್ತೀಯೋ?"

"ಅದು ನೋಡೋರ ಕಣ್ಣಿಗೆ ಬಿಟ್ಟಿದ್ದು" ಎಂದು ಅವನು ಕುದುರೆ ಹೊಡೆದ.

ಆ ಹುಚ್ಚಿನ ಬೆನ್ನಿಗೇ ಪ್ರೊಫೆಸರ್ ಹೋಲ್ಟೆ ಗುಡ್ಡಕ್ಕೆ ಬಂದರು. ಉದ್ದ ಕಾಲು, ಗುಂಡಿ ಕಿತ್ತ ಕೋಟು, ಎದುರಿಗಿರುವುದು ಕಸ ಗುಡಿಸುವವಳಾದರೂ ಟೋಪಿ ತೆಗೆದು ಮಾತನಾಡಿಸುವ ಮನುಷ್ಯ. ಅವರಿಗೆ ಇದ್ದದ್ದು ಒಂದೇ ಆಸೆ. ಮೊದಲ ದಿನವೇ ಅಳತೆಯ ಕೋಣೆಗೆ ಬಂದು ಅದನ್ನು ಹೇಳಿಕೊಂಡರು.

"ಸೂರ್ಯನ ಪಕ್ಕದಲ್ಲಿ ಹಾದು ಬರೋ ಬೆಳಕು ಒಂಚೂರು ಬಾಗ್ಬೇಕು ಅಂತ ಐನ್‌ಸ್ಟೈನ್ ಸಿದ್ಧಾಂತ ಹೇಳುತ್ತೆ, ಫ್ರಾಯ್ಲೈನ್ ಲೀಟ್ಸ್. ಬೆಳಕು ಬಾಗಿದ್ರೆ ಸೂರ್ಯನ ಸುತ್ತ ಇರೋ ನಕ್ಷತ್ರಗಳು ಆಚೆ ಸರಿದ ಹಾಗೆ ಕಾಣ್ಬೇಕು. ಗ್ರಹಣದ ಹೊತ್ತಲ್ಲಿ ಒಂದು ಚಿತ್ರ, ಆರು ತಿಂಗಳು ಬಿಟ್ಟು ಸೂರ್ಯ ಇಲ್ಲದಾಗ ಅದೇ ಆಕಾಶದ್ದು ಇನ್ನೊಂದು. ಎರಡನ್ನೂ ಅಳೆದು ಹೋಲಿಸ್ಬೇಕು. ಎಷ್ಟು ಸರೀಬೇಕು ಅಂತಾನೂ ಸಿದ್ಧಾಂತ ಹೇಳಿದೆ, ಅದು..."

"ಹೇಳ್ಬೇಡಿ" ಎಂದಳು ಒಟೀಲಿಯೆ. "ನನ್ನ ಕೈಲಿ ಅಳೆಸಬೇಕು ಅಂತಿದ್ರೆ ದಯವಿಟ್ಟು ಹೇಳ್ಬೇಡಿ, ಪ್ರೊಫೆಸರೇ."

ಹೋಲ್ಟೆ ಅವಳನ್ನೇ ನೋಡಿದರು. ಇನ್ನೊಮ್ಮೆ ಟೋಪಿ ತೆಗೆದರು.

ಅಲ್ಲಿಂದ ಹನ್ನೊಂದು ವರ್ಷ ಅವಳು ಆ ಸಂಖ್ಯೆಯಿಂದ ತಪ್ಪಿಸಿಕೊಂಡು ಬದುಕಿದಳು. ಪತ್ರಿಕೆಯಲ್ಲಿ ಐನ್‌ಸ್ಟೈನ್ ಎಂದು ಕಂಡರೆ ಆ ಹಾಳೆ ಓದದೆಯೇ ಆಲೂಗೆಡ್ಡೆ ಸಿಪ್ಪೆ ಸುತ್ತಲು ಹೋಗುತ್ತಿತ್ತು. ಊಟದ ಮನೆಯಲ್ಲಿ ಅದರ ಮಾತೆದ್ದರೆ ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಲೋಕವೆಲ್ಲ ಬಾಯಿಪಾಠ ಮಾಡಿದ್ದು ಇವಳೊಬ್ಬಳಿಗೆ ಗೊತ್ತಿಲ್ಲ ಎಂದು ಕೇಟೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು, ಹೆಮ್ಮೆಯಿಂದಲೇ.

ಹೋಲ್ಟೆ ಒಂದು ಗ್ರಹಣಕ್ಕೆ ಹೋದರು, ಮೋಡ ಕವಿದು ಬರಿಗೈಲಿ ಬಂದರು. ಮೂರು ವರ್ಷದ ಮೇಲೆ ದಕ್ಷಿಣದ ಒಂದು ದ್ವೀಪಕ್ಕೆ ಹೋದರು, ಅಲ್ಲಿ ಆಕಾಶ ತಿಳಿಯಾಗಿತ್ತು. ಆರು ಗ್ರಹಣದ ಗಾಜು, ಆಮೇಲೆ ತೆಗೆದ ಆರು ಇರುಳಿನ ಗಾಜು, ಒಟ್ಟು ಹನ್ನೆರಡು, ಹತ್ತಿಯಲ್ಲಿ ಸುತ್ತಿಕೊಂಡು ಹಡಗಿನಲ್ಲಿ ಬಂದವು. ಆ ಗಾಜುಗಳಿಗೆಂದೇ ಹೊಸ ಅಳತೆಯ ಯಂತ್ರ ತರಿಸಿದರು. ಅದನ್ನು ಕೂರಿಸಲು ಬಂದವನು ಕಣ್ಣಿಡುವ ನಳಿಗೆಯ ಪಕ್ಕದ ಒಂದು ಸಣ್ಣ ಹಿಡಿಯನ್ನು ತೋರಿಸಿದ. ಅದನ್ನು ತಿರುವಿದರೆ ಒಳಗಿನ ಪಟ್ಟಕ ತಿರುಗಿ, ಕಾಣುವ ಚಿತ್ರವೇ ತಲೆಕೆಳಗಾಗುತ್ತದೆ. ಕಣ್ಣಿನ ವಾಲು ಕಳೆಯಲು ಅಷ್ಟು ಸಾಕು. ಒಟೀಲಿಯೆಗೆ ಅದು ಬಹಳ ಹಿಡಿಸಿತು. ಟಕ್ಕೆನ್ನುವ ಅದರ ಸದ್ದೂ ಹಿಡಿಸಿತು.

ಹದಿನಾಲ್ಕು ತಿಂಗಳು ಅವಳು ಅಳೆದಳು, ಕೇಟೆ ಬರೆದುಕೊಂಡಳು. ಲೆಕ್ಕ ಮಾಡುವ ಮುಂಚೆ ಹೋಲ್ಟೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಎಲ್ಲಾ ಗಾಜೂ ತಿರುಗಿಸಿ ಅಳೆದಿದೀರಿ ತಾನೆ?"

"ಎಲ್ಲಾನೂ ತಿರುಗಿಸಿದೀನಿ, ಪ್ರೊಫೆಸರೇ."

ಮೂರು ವಾರ ಬಿಟ್ಟು ಅವರು ಮತ್ತೆ ಬಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಇನ್ನು ನಿಮಗೆ ಹೇಳ್ಬಹುದು" ಎಂದರು. "ಕೋನದ ಅಳತೇಲಿ ಒಂದೂಮುಕ್ಕಾಲು ಸೆಕೆಂಡು ಬರಬೇಕಿತ್ತು. ನಮಗೆ ಎರಡೂವರೆ ಬಂದಿದೆ."

ಬೇರೆಯವರಾಗಿದ್ದರೆ ಒಂದೆರಡು ಗಾಜನ್ನು ಕೆಟ್ಟಿದೆ ಎಂದು ಬದಿಗಿಡುತ್ತಿದ್ದರು. ಹೋಲ್ಟೆ ಬರ್ಲಿನ್ನಿನ ಸಭೆಯಲ್ಲಿ ಎದ್ದು ನಿಂತು ಎರಡೂವರೆ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹೋದ ಗ್ರಹಣಗಳಲ್ಲಿ ಬೇರೆ ದೇಶದವರಿಗೆಲ್ಲ ಒಂದೂಮುಕ್ಕಾಲರ ಹತ್ತಿರ ಬಂದಿರುವಾಗ ನಿಮಗೊಬ್ಬರಿಗೆ ಹೀಗೇಕೆ ಎಂದು ಒಬ್ಬರು ಕೇಳಿದರು. "ಅಳೆದವರ ಕಣ್ಣನ್ನು ನಾನು ನಂಬುತ್ತೇನೆ" ಎಂದು ಹೋಲ್ಟೆ ಉತ್ತರ ಕೊಟ್ಟರಂತೆ. ಆಮೇಲೆ ಅವರಿಗೆ ಪತ್ರ ಬರುವುದು ಕಡಿಮೆಯಾಯಿತು. ಹಳೆಯ ಗೆಳೆಯರು ದಾರಿಯಲ್ಲಿ ಸಿಕ್ಕರೆ ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದರು. ತಾನು ಇಡೀ ಆಯುಷ್ಯ ಹಂಬಲಿಸಿದ್ದನ್ನು ತಾನೇ ಸುಳ್ಳೆಂದು ಸಾರಿ ಬಂದ ಮನುಷ್ಯ ಅವರು. ಒಟೀಲಿಯೆ ಅವರನ್ನು ಕಂಡಾಗಲೆಲ್ಲ ಮರುಗುತ್ತಿದ್ದಳು. ತನ್ನ ಕಣ್ಣಿನ ಮೇಲೆ ಮಾತ್ರ ಅವಳಿಗೆ ಸಂಶಯ ಬರಲಿಲ್ಲ.

೧೯೩೩ರ ವಸಂತದಲ್ಲಿ ಸರ್ಕಾರಿ ಕೆಲಸದವರೆಲ್ಲ ಅಜ್ಜ ಅಜ್ಜಿಯರ ಕಾಗದ ತಂದು ತೋರಿಸಬೇಕೆಂದು ಹೊಸ ಸರ್ಕಾರದ ಕಾನೂನು ಬಂತು. ಹೋಲ್ಟೆಯವರ ತಾಯಿಯ ತಾಯಿ ಯಹೂದಿ, ಕೆಲಸ ಹೋಗಲು ಅಷ್ಟು ಸಾಕಿತ್ತು. ಅವರು ಪುಸ್ತಕಗಳನ್ನು ಎರಡು ಪೆಟ್ಟಿಗೆಗೆ ತುಂಬಿಕೊಂಡು ಅಳತೆಯ ಕೋಣೆಗೆ ಬಂದರು.

"ನೀವು ವಾಪಸ್ ಬಂದೇ ಬರ್ತೀರಿ, ಪ್ರೊಫೆಸರೇ" ಎಂದಳು ಕೇಟೆ, ಮೂಗು ಒರೆಸಿಕೊಳ್ಳುತ್ತ.

"ಅಜ್ಜಿ ಬದಲಾದ್ರೆ ಬರ್ತೀನಿ" ಎಂದರು ಅವರು. ಗಡಿಯಾಚೆ ಬಾಸೆಲ್ಲಿನಲ್ಲಿ ಅವರ ತಂಗಿಯ ಮನೆಯಿತ್ತು, ಅಲ್ಲಿಗೆ ಹೊರಟುಹೋದರು.

ಅವರ ಕುರ್ಚಿಗೆ ಡಾಕ್ಟರ್ ಟೆಶ್ ಬಂದ. ನಿನ್ನೆ ಮೊನ್ನೆಯ ತನಕ ಹೋಲ್ಟೆಯವರ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಓಡಾಡಿದ ಅದೇ ಟೆಶ್. ಈಗ ಕೋಟಿನ ಮೇಲೆ ಆಳುವ ಪಕ್ಷದ ಬಿಲ್ಲೆ ಹೊಳೆಯುತ್ತಿತ್ತು, ನೆಲಕ್ಕೆ ಕಾಲು ಊರುತ್ತಿರಲಿಲ್ಲ. ಮುಂದಿನ ಫೆಬ್ರವರಿಯ ಒಂದು ಬುಧವಾರ ಅವನು ಟೈಪು ಮಾಡಿದ ಹಾಳೆಯೊಂದನ್ನು ಒಟೀಲಿಯೆಯ ಮುಂದಿಟ್ಟ.

"ಇಲ್ಲೊಂದು ಸಹಿ, ಫ್ರಾಯ್ಲೈನ್ ಲೀಟ್ಸ್. ಕೆಳಗೆ ಫ್ರೌ ರೋವೆಡರ್ ಅವರದ್ದು."

ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ಗ್ರಹಣದ ಫಲಕಗಳಲ್ಲಿ ಪ್ರತಿಯೊಂದನ್ನೂ ಒಮ್ಮೆ ನೇರವಾಗಿ, ಒಮ್ಮೆ ತಿರುಗಿಸಿ ಅಳೆಯಲಾಗಿದೆ.

"ಯಾತಕ್ಕಿದು, ಡಾಕ್ಟರೇ?"

"ಒಂದು ಸಣ್ಣ ಪುಸ್ತಕ ತರ್ತಿದೀನಿ. ಆ ಯಹೂದಿ ಐನ್‌ಸ್ಟೈನನ ಲೆಕ್ಕ ಸುಳ್ಳು ಅಂತ ಶಾಲೆ ಮೇಷ್ಟರಿಗೂ ಅರ್ಥ ಆಗ್ಬೇಕು. ಅದನ್ನ ಸುಳ್ಳು ಅಂತ ತೋರಿಸಿದ್ದು ಯಾರು? ಅದರ ಪರವಾಗೇ ಕುಣೀತಿದ್ದ ಹೋಲ್ಟೆ. ಮಜಾ ಇರೋದೇ ಅಲ್ಲಿ."

"ಗಾಜು ಒಂದ್ಸಲ ನೋಡಿ ಹಾಕ್ತೀನಿ."

"ಮೂರು ವರ್ಷದ ಹಿಂದಿನ ಗಾಜಲ್ಲಿ ನೋಡೋದೇನು?"

"ನೋಡದೆ ಸಹಿ ಹಾಕಿ ನನಗೆ ಅಭ್ಯಾಸ ಇಲ್ಲ."

ಟೆಶ್ ನಕ್ಕ. "ಸೋಮವಾರದ ತನಕ ನೋಡ್ಕೊಳ್ಳಿ."

ಆ ದಿನ ಮಧ್ಯಾಹ್ನ ಅವಳು ನಾಲ್ಕನೆಯ ಗಾಜನ್ನು ಯಂತ್ರದ ಮೇಲಿಟ್ಟಳು. ಸೂರ್ಯನಿಗೆ ಹತ್ತಿರದ ನಕ್ಷತ್ರಗಳು ಹೆಚ್ಚಿನವು ಸೂರ್ಯನ ಬಲಪಕ್ಕದಲ್ಲೇ ಇದ್ದವು. ಇರುಳಿನ ಗಾಜಿನಲ್ಲಿ ಗಟ್ಟಿಯಾಗಿದ್ದ ಅವು ಗ್ರಹಣದ ಬೆಳಕಿನಲ್ಲಿ ಎಲ್ಲವೂ ಮಸುಕು. ಒಂದನ್ನು ನೂಲಿನಿಂದ ಸೀಳಿದಳು. ಹಳೆಯ ರೂಢಿಯಂತೆ ಗಾಜನ್ನು ಎರಡೂ ಕೈಯಲ್ಲಿ ಎತ್ತಿ, ತಲೆಕೆಳಗಾಗಿ ತಿರುಗಿಸಿ ಇಟ್ಟಳು. ನಳಿಗೆಯತ್ತ ಬಾಗುವಷ್ಟರಲ್ಲಿ ಅವಳ ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ಆ ಸಣ್ಣ ಹಿಡಿಯನ್ನು ತಿರುವಿತು. ಟಕ್.

ಅವಳು ಹಾಗೇ ನಿಂತಳು. ಕಣ್ಣಿಟ್ಟು ನೋಡಿದಳು. ಚುಕ್ಕೆಯ ಬಲಗಡೆ ಗಾಜಿನ ಮೇಲೆ ಒಂದು ಸಣ್ಣ ಗೀರು ಇತ್ತು. ಮೊದಲ ಸಲವೂ ಅದು ಬಲಗಡೆಯೇ ಇತ್ತು. ತಿರುಗಿಸಿದ ಮೇಲೆ ಎಡಕ್ಕೆ ಬರಬೇಕಿತ್ತು.

"ಕೇಟೆ" ಎಂದಳು. "ನಾವು ಆ ಹದಿನಾಲ್ಕು ತಿಂಗಳೂ ಈ ಹಿಡಿ ತಿರುಗಿಸ್ತಿದ್ವಾ?"

"ಮತ್ತೆ? ಟಕ್ ಟಕ್ ಅಂತ ನನ್ನ ಕಿವಿ ತೂತು ಬಿದ್ದಿತ್ತು."

"ಗಾಜನ್ನೂ ನಾನು ತಿರುಗಿಸ್ತಿದ್ನಾ?"

"ನೀನು ಸತ್ರೂ ಗಾಜು ತಿರುಗಿಸದೆ ಬಿಡ್ತೀಯಾ? ಇಪ್ಪತ್ತು ವರ್ಷದ ಚಾಳಿ."

ಒಟೀಲಿಯೆ ಕೂತಳು. "ಎರಡನ್ನೂ ತಿರುಗಿಸಿದೀನಿ ಕಣೇ."

"ಒಂದ್ಸಲ ಹೆಚ್ಚೇ ಆಯ್ತಲ್ಲ, ಒಳ್ಳೇದೇ."

"ಹೆಚ್ಚಾಗಿದ್ದೇ ತಪ್ಪು. ಬೆನ್ನು ತಿರುಗಿಸಿ ನಿಂತೋನು ಇನ್ನೊಂದ್ಸಲ ತಿರುಗಿದ್ರೆ ಮೊದಲು ನೋಡ್ತಿದ್ದ ಕಡೆಗೇ ಮುಖ ಬರುತ್ತೆ. ಗಾಜು ತಿರುಗಿತು, ಚಿತ್ರಾನೂ ತಿರುಗಿತು, ನನ್ನ ಕಣ್ಣಿಗೆ ಎರಡು ಸಲವೂ ಕಂಡಿದ್ದು ಒಂದೇ. ಎರಡು ಸಲವೂ ಬಲಕ್ಕೇ ವಾಲಿದೀನಿ. ಹತ್ತಿರದ ನಕ್ಷತ್ರ ಎಲ್ಲಾ ಬಲಕ್ಕಿವೆ. ನಾನು ಬಲಕ್ಕೆ ತಳ್ಳಿದ್ರೆ ಅದು ಬೆಳಕು ಹೆಚ್ಚು ಬಾಗಿದೆ ಅಂತಾನೇ ಬರೋದು."

ಕೇಟೆ ಹಳೆಯ ದಾಖಲೆ ಪುಸ್ತಕ ತೆಗೆದು ಪುಟ ತಿರುವಿದಳು. ಗಾಜು ನಿಜವಾಗಿಯೂ ತಿರುಗಿದ್ದರಿಂದ ಸಂಖ್ಯೆಗಳು ತಿರುಗುಮುರುಗಾಗಿಯೇ ಬಂದಿದ್ದವು. ಬರೆದುಕೊಂಡವಳಿಗೂ ಲೆಕ್ಕ ಹಾಕಿದವರಿಗೂ ಎಲ್ಲ ಸರಿಯಾಗಿಯೇ ಕಂಡಿತ್ತು. ಹೊಸಬಳಾಗಿದ್ದರೆ ಹಿಡಿ ಒಂದನ್ನೇ ತಿರುಗಿಸುತ್ತಿದ್ದಳು, ಹಳೆಯ ಯಂತ್ರದವಳಾಗಿದ್ದರೆ ಗಾಜು ಒಂದನ್ನೇ. ಈ ತಪ್ಪು ಮಾಡಲು ಇಪ್ಪತ್ತು ವರ್ಷದ ಶ್ರದ್ಧೆ ಬೇಕಿತ್ತು.

ಗುರುವಾರದಿಂದ ಶನಿವಾರದ ತನಕ ಅವರಿಬ್ಬರೂ ಯಾರಿಗೂ ತುಟಿ ಪಿಟಕ್ಕೆನ್ನದೆ ಹತ್ತಿರದ ನಕ್ಷತ್ರಗಳನ್ನಷ್ಟೇ ಮತ್ತೆ ಅಳೆದರು, ಗಾಜು ಮಾತ್ರ ತಿರುಗಿಸಿ. ಶನಿವಾರ ಸಂಜೆ ನಾಲ್ಕಕ್ಕೆ ಕೇಟೆ ಕೂಡಿಸಿ ಕಳೆದು ಕೊನೆಯ ಗೆರೆ ಎಳೆದಳು. ಒಂದೂಮುಕ್ಕಾಲು, ಅದರ ಮೇಲೊಂದು ಕೂದಲಷ್ಟು ಹೆಚ್ಚು. ಒಟೀಲಿಯೆ ಮುಖ ಮುಚ್ಚಿಕೊಂಡು ಅತ್ತಳು. ಹೋಲ್ಟೆಯವರ ಆ ಬೂದಿ ಮುಖ ಕಣ್ಣ ಮುಂದೆ ಬಂದು, ಸಂತೋಷವೋ ನಾಚಿಕೆಯೋ ಎಂದು ತಿಳಿಯದೆ ಅತ್ತಳು.

"ಸೋಮವಾರ ಏನ್ಮಾಡ್ತೀಯಾ?" ಎಂದಳು ಕೇಟೆ.

"ಟೆಶ್‌ಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಕೇಳಿಲ್ಲಿ. ಆ ಹಾಳೇಲಿ ಏನಿದೆ? ತಿರುಗಿಸಿ ಅಳೆಯಲಾಗಿದೆ. ತಿರುಗಿಸಿದೀವಿ ತಾನೆ? ಒಂದಕ್ಷರ ಸುಳ್ಳಿಲ್ಲ ಅದರಲ್ಲಿ. ಸಹಿ ಹಾಕು, ಬಾಯಿ ಮುಚ್ಕೊಂಡು ನಾಲ್ಕು ವರ್ಷ ಕೂರು, ಪಿಂಚಣಿ ತಗೊಂಡು ಮನೇಗೆ ಹೋಗು."

ಒಟೀಲಿಯೆಗೆ ಭಯವಿರಲಿಲ್ಲ ಎಂದರೆ ಸುಳ್ಳಾದೀತು. ಭಾನುವಾರವೆಲ್ಲ ಅವಳು ಅಡುಗೆಮನೆಯಲ್ಲಿ ಕೂತು ಬಾರ್ಲಿ ಕಾಫಿ ಕುಡಿದಳು. ವಾಕ್ಯ ನಿಜವೇ ಆಗಿತ್ತು, ಅವಳನ್ನು ಕಾಡಿದ್ದೂ ಅದೇ. ಬರಿ ಸುಳ್ಳಾಗಿದ್ದರೆ ಬೇಡವೆನ್ನಲು ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಸೋಮವಾರ ಟೆಶ್ ಪೂರ್ತಿ ಕೇಳಿಸಿಕೊಂಡ. ಅವನು ದಡ್ಡನಲ್ಲ, ಹಿಡಿಯ ವಿಷಯ ಅರ್ಧ ಹೇಳುವಷ್ಟರಲ್ಲಿ ಅವನಿಗೆ ಅರ್ಥವಾಗಿತ್ತು. ಎದ್ದು ಬಾಗಿಲು ಹಾಕಿ ಬಂದ.

"ಫ್ರಾಯ್ಲೈನ್, ನಿಮ್ಮ ತಪ್ಪು ನಿಮ್ಮ ಹತ್ರಾನೇ ಇರಲಿ. ಅಳತೆ ಅಚ್ಚಾಗಿ ಮೂರು ವರ್ಷ ಆಯ್ತು. ಯಾರಿಗೂ ಬೇಕಾಗಿಲ್ಲ ಇದು."

"ಪ್ರೊಫೆಸರ್ ಹೋಲ್ಟೆಯವರಿಗೆ ಬೇಕು."

"ಆ ಹೆಸರು ಇಲ್ಲಿ ಎತ್ಬೇಡಿ."

ಅವಳು ಅಳತೆಯ ಕೋಣೆಗೆ ಹೋಗಿ ದಾಖಲೆ ಪುಸ್ತಕ ತೆರೆದಳು. ಆ ಪುಸ್ತಕದಲ್ಲಿ ಏನನ್ನೂ ಅಳಿಸುವಂತಿಲ್ಲ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು. ಕೆಂಪು ಶಾಯಿಯಲ್ಲಿ ಐವತ್ತಮೂರು ಪುಟಕ್ಕೆ ಗೆರೆ ಎಳೆದಳು. ಐವತ್ತಮೂರು ಸಲ 'ಗಾಜು, ಪಟ್ಟಕ ಎರಡೂ ತಿರುಗಿವೆ, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದಳು. ಟೆಶ್ ಬಂದು ಪುಸ್ತಕ ಕಿತ್ತುಕೊಳ್ಳುವ ಹೊತ್ತಿಗೆ ಕೊನೆಯ ಪುಟದ ಶಾಯಿ ಇನ್ನೂ ಒಣಗಿರಲಿಲ್ಲ. ಮಧ್ಯಾಹ್ನವೇ ಅವಳಿಗೆ ಕೆಲಸದಿಂದ ತೆಗೆದ ಕಾಗದ ಬಂತು.

ಅವಳು ಕೋಟು ಹಾಕಿಕೊಳ್ಳುವಾಗ ಟೆಶ್ ಆ ಹಾಳೆಯನ್ನು ಕೇಟೆಯ ಮುಂದಿಟ್ಟ. ಕೇಟೆ ಸಹಿ ಹಾಕಿದಳು. ತಲೆ ಎತ್ತಲಿಲ್ಲ. ಅವಳನ್ನು ಬೈಯುವವರು ಒಂದು ದಿನ ಅವಳ ಮನೆಯಲ್ಲಿದ್ದು ಆ ಕೆಮ್ಮು ಕೇಳಿಸಿಕೊಂಡಿರಬೇಕು. ಒಟೀಲಿಯೆ ಕೇಳಿಸಿಕೊಂಡವಳೇ, ಆದರೂ ಸಿಟ್ಟಿನಲ್ಲಿ ಕೇಟೆಯತ್ತ ತಿರುಗಿಯೂ ನೋಡದೆ ಗುಡ್ಡ ಇಳಿದಳು.

ಏಪ್ರಿಲ್‌ನಲ್ಲಿ ಅವಳು ಬಾಸೆಲ್ಲಿಗೆ ಹೋದಳು. ಹೋಲ್ಟೆ ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆಯಲ್ಲಿದ್ದರು, ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ದಿನ ದೂಡುತ್ತಿದ್ದರು. ಕೋಟಿನ ಒಳಗೆ ಮನುಷ್ಯನೇ ಇಲ್ಲದಷ್ಟು ಇಳಿದುಹೋಗಿದ್ದರು. ತಂಗಿ ಪ್ಲಮ್ ಹಣ್ಣಿನ ಕೇಕು ತಂದಿಟ್ಟು ಕೆಳಗೆ ಹೋದಳು. ಒಟೀಲಿಯೆ ನಿಂತುಕೊಂಡೇ ಎಲ್ಲ ಹೇಳಿದಳು, ಹಿಡಿ, ಗಾಜು, ಗೀರು, ಐವತ್ತಮೂರು ಪುಟ.

ಹೋಲ್ಟೆ ಮೇಜಿನ ಅಂಚು ಹಿಡಿದುಕೊಂಡರು. "ಹಾಗಾದ್ರೆ ನಮ್ಮ ಎರಡೂವರೆ ಸುಳ್ಳು."

"ಸುಳ್ಳು, ಪ್ರೊಫೆಸರೇ. ನನ್ನಿಂದ. ನಿಮ್ಮ ಇಷ್ಟು ವರ್ಷ ನಾನು ಹಾಳು ಮಾಡಿದೆ."

"ಮತ್ತೆ ಅಳೆದ್ರಾ?"

"ಅಳೆದ್ವಿ. ಬಂದಿದ್ದು..."

ಅವರು ಕೈ ಎತ್ತಿದರು.

"ಒಂದು ಮಾತು. ಈ ಸಲ ಅಳೆಯುವಾಗ ಎಷ್ಟು ಬರಬೇಕು ಅಂತ ನಿಮಗೆ ಗೊತ್ತಿತ್ತಾ?"

"ನೀವೇ ಹೇಳಿದ್ರಲ್ಲ, ಅವತ್ತು."

"ಅಷ್ಟೇ ಬರಲಿ ಅಂತ ಮನಸ್ಸಲ್ಲಿತ್ತಾ?"

ಒಟೀಲಿಯೆ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆ ಸಂಖ್ಯೆಯನ್ನು ಅವರ ಕೈಗಿಡಬೇಕೆಂದೇ ಅಷ್ಟು ದೂರ ಬಂದಿದ್ದಳು.

"ಇತ್ತು" ಎಂದಳು. "ನಿಮಗೋಸ್ಕರ ಬರಲಿ ಅಂತಿತ್ತು."

"ಹಾಗಾದ್ರೆ ನನಗೆ ಹೇಳ್ಬೇಡಿ." ಅವರ ಕಣ್ಣು ತುಂಬಿತ್ತು. "ಕೇಳೋಕೆ ನನಗೆಷ್ಟು ಆಸೆ ಇದೆ ಅಂತ ನಿಮಗೆ ಗೊತ್ತಿಲ್ಲ, ಫ್ರಾಯ್ಲೈನ್. ಅದಕ್ಕೇ ಕೇಳೋ ಹಾಗಿಲ್ಲ. ಎರಡೂವರೆ ಅಲ್ಲ ಅಂತ ಮಾತ್ರ ನಾವು ಹೇಳ್ಬಹುದು. ಎಷ್ಟು ಅಂತ ಹೇಳೋಕೆ ನಮಗಿಬ್ಬರಿಗೂ ಯೋಗ್ಯತೆ ಉಳಿದಿಲ್ಲ."

ಒಟೀಲಿಯೆಗೆ ಒಂದು ಕ್ಷಣ ಅವರ ಮೇಲೆ ಸಿಟ್ಟು ಬಂತು. ಕೆಲಸ ಹೋಯಿತು, ಹೆಸರು ಹೋಯಿತು, ತಂದ ಉಡುಗೊರೆಯನ್ನೂ ಈ ಮನುಷ್ಯ ಬಿಚ್ಚಿ ನೋಡುತ್ತಿಲ್ಲ. ಹಾಗೆಂದುಕೊಳ್ಳುತ್ತಲೇ, ಅವರ ಜಾಗದಲ್ಲಿ ತಾನಿದ್ದರೂ ಕೇಳುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕುರ್ಚಿ ಎಳೆದು ಕೂತಳು.

ಇಬ್ಬರೂ ಸೇರಿ ಸ್ವಿಟ್ಸರ್ಲೆಂಡಿನ ಒಂದು ಪತ್ರಿಕೆಗೆ ಮೂರು ಸಾಲು ಬರೆದರು. ಗ್ರಹಣದ ಫಲಕಗಳ ಅಳತೆಯಲ್ಲಿ ತಪ್ಪು ಕಂಡುಬಂದಿದೆ, ಪ್ರಕಟವಾದ ಸಂಖ್ಯೆಯನ್ನು ಹಿಂತೆಗೆದುಕೊಳ್ಳಲಾಗಿದೆ, ಬೇರೆ ಸಂಖ್ಯೆ ಕೊಡಲಾಗುತ್ತಿಲ್ಲ. ಕೆಳಗೆ ಹೋಲ್ಟೆ ತಮ್ಮ ಹೆಸರು ಬರೆದರು. ಅಳೆಯುವ ಹೆಂಗಸರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿರಲಿಲ್ಲ.

"ನನ್ನದೂ ಹಾಕಿ" ಎಂದಳು ಒಟೀಲಿಯೆ.

"ಹೊಣೆ ನನ್ನದು."

"ಕಣ್ಣು ನನ್ನದು."

ಅವರು ಅವಳ ಹೆಸರನ್ನು ತಮ್ಮದಕ್ಕಿಂತ ಮೇಲೆ ಬರೆದರು. "ಬರಕೊಂಡವರು ಫ್ರೌ ರೋವೆಡರ್ ಅಲ್ವಾ? ಅವರದ್ದೂ ಬೇಕಲ್ಲ."

"ಅವಳದ್ದು ಬೇಡ" ಎಂದಳು. ಯಾಕೆಂದು ಅವರು ಕೇಳಲಿಲ್ಲ.

ಆಗಸ್ಟಿನಲ್ಲಿ ಟೆಶ್‌ನ ಪುಸ್ತಕ ಬಂತು, ಎರಡೂವರೆ ಎಂದು ದಪ್ಪ ಅಕ್ಷರದಲ್ಲಿ. ಆ ಮೂರು ಸಾಲು ಅಚ್ಚಾದ ಪತ್ರಿಕೆಯೂ ಅದೇ ವಾರ ಗುಡ್ಡದ ಮೇಲೆ ಬಂತು. ಕೇಟೆ ಅದನ್ನು ಎಪ್ರನ್ನಿನೊಳಗೆ ಮುಚ್ಚಿಕೊಂಡು ಒಟೀಲಿಯೆಯ ಮನೆಗೆ ಬಂದಳು. ಫೆಬ್ರವರಿಯಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಒಟೀಲಿಯೆ ಬಾಡಿಗೆಗೆ ತಂದ ಹೊಲಿಗೆ ಯಂತ್ರದ ಮುಂದೆ ಕೂತು ಆಸ್ಪತ್ರೆಯ ದಿಂಬಿನ ಚೀಲ ಹೊಲಿಯುತ್ತಿದ್ದಳು.

"ಇದರಲ್ಲಿ ನನ್ನ ಹೆಸರಿಲ್ಲ" ಎಂದಳು ಕೇಟೆ, ನಿಂತಲ್ಲಿಂದಲೇ. "ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತೋಳು ನಾನು. ತಪ್ಪು ಬರಕೊಂಡೋಳೂ ನಾನೇ. ನಾನು ಆ ಹಾಳೆಗೆ ಸಹಿ ಹಾಕಿದೆ ಅಂತ ಸಿಟ್ಟಿಗೆ ತೆಗೆದ್ಯಾ?"

"ಸಿಟ್ಟಿತ್ತು. ರೈಲು ಬಾಸೆಲ್ ಮುಟ್ಟೋ ತನಕ ಇತ್ತು."

"ಆಮೇಲೆ?"

"ನಿನ್ನ ಹೆಸರು ಹಾಕಿದ್ರೆ ಟೆಶ್ ನಿನ್ನ ಮಾರನೇ ದಿನಾನೇ ಆಚೆ ಹಾಕೋನು. ಅಲ್ಲಿ ನಮ್ಮೋರು ಅಂತ ಯಾರಿರ್ತಿದ್ರು? ಆ ಹನ್ನೆರಡು ಗಾಜು ಎಲ್ಲಿವೆ ಈಗ?"

"ಕಸದ ಕೋಣೆಗೆ ಹಾಕು ಅಂದ. ನಾನು ಸೋಪಿನ ಬೀರು ಹಿಂದೆ ಇಟ್ಟಿದೀನಿ."

"ಅಲ್ಲೇ ಇರಲಿ. ಒಡೀದಂಗೆ ನೋಡ್ಕೋ. ನಾನು ಅಳೆದಾಯ್ತು, ನನ್ನ ಕಣ್ಣು ಕೆಟ್ಟಾಯ್ತು. ಈ ಬಿಲ್ಲೆಯವರೆಲ್ಲಾ ಹೋದ ಮೇಲೆ ಯಾರೋ ಒಬ್ಬಳು ಬರ್ತಾಳೆ, ಏನೂ ಗೊತ್ತಿಲ್ಲದೋಳು. ಅವಳು ಅಳೀಲಿ." ಒಟೀಲಿಯೆ ಹೊಲಿಗೆಯಿಂದ ತಲೆ ಎತ್ತಿದಳು. "ನಮಗೆ ಎಷ್ಟು ಬಂತು ಅಂತ ಮಾತ್ರ ಯಾರಿಗೂ ಹೇಳ್ಬೇಡ, ಕೇಟೆ."

ಕೇಟೆ ಅಳುತ್ತ ತಲೆಯಾಡಿಸಿದಳು. ಬಾಯಿ ನಿಲ್ಲದ ಹೆಂಗಸೆಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಅವಳು ಈ ಒಂದು ಮಾತನ್ನು ಗಂಡನ ಮುಂದೆಯೂ ಬಾಯಿಬಿಡಲಿಲ್ಲ.

ಪ್ರೊಫೆಸರ್ ಹೋಲ್ಟೆ ಆ ಚಳಿಗಾಲ ಬಾಸೆಲ್ಲಿನಲ್ಲಿ ತೀರಿಕೊಂಡರು. ಅವರಿಗೂ ಯಾರೂ ಹೇಳಲಿಲ್ಲ.